ಧೂಳಿನ ಊರಾಗ ಟ್ರ್ಯಾಕ್‌ಬಾಲ್: ಮನಿ ಆರ್ಕೇಡ್ ಪ್ಯಾನಲ್‌ಗೆ ಯಾವ್ದು ತಗೋಬೇಕು, ಹೆಂಗ ಕೂಡಿಸ್ಬೇಕು

ಜಾಯ್‌ಸ್ಟಿಕ್ಕು, ಆರು ಬಟನ್ನು ಹಾಕಿ ಮನ್ಯಾಗ ಆರ್ಕೇಡ್ ಪ್ಯಾನಲ್ (ಹಳೇ ಗೇಮ್ ಪಾರ್ಲರ್ ಮಷೀನಿನಂಥಾ ಆಟದ ಹಲಗಿ) ಮಾಡ್ಕೊಂಡೋರು ಸ್ವಲ್ಪ ದಿನ ಆದ್ಮ್ಯಾಲ ಕೇಳೋ ಪ್ರಶ್ನಿ ಒಂದ: ಟ್ರ್ಯಾಕ್‌ಬಾಲ್, ಅಂದ್ರ ಗೂಡಿನ್ಯಾಗ ಕೂತಿರೋ, ಅಂಗೈಲೆ ಉರುಳಿಸಿ ಆಡೋ ಚೆಂಡು, ಯಾವ್ದು ತಗೊಳ್ಳೋದು? ಕೇಳೋದ್ರೊಳಗ ಭಾಳ ಮಂದಿ ಬಣ್ಣಬಣ್ಣದ ಲೈಟ್ ಬರೋ ಫೋಟೋ ನೋಡಿ ಆಗ್ಲೇ ಮನಸಿನ್ಯಾಗ ಒಂದು ಆರಿಸ್ಕೊಂಡು ಬಂದಿರ್ತಾರ, ನಮ್ಮ ಕಡೆಯಿಂದ ಬರೇ "ಹೂಂ ತಗೋರಿ" ಅನ್ನೋದು ಬೇಕಾಗಿರ್ತೈತಿ. ಲೈಟ್ ಚೆಂದನ ಐತಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೊಪ್ಪಳದಂಥಾ ಊರಾಗ, ಒಂದು ಕಡೆ ಫ್ಯಾಕ್ಟರಿ ಕರಿ ಧೂಳು ಇನ್ನೊಂದು ಕಡೆ ಹೊಲದ ಮಣ್ಣು, ಬೆಳಿಗ್ಗೆ ಒರೆಸಿದ ಟೇಬಲ್ ಮ್ಯಾಲ ಸಂಜಿಗೆ ಬೆರಳಲೆ ಹೆಸರು ಬರಿಯಾಕ ಬರ್ತೈತಿ ಅಂಥಾ ಜಾಗದಾಗ, ಟ್ರ್ಯಾಕ್‌ಬಾಲ್ ಬಾಳಿಕಿ ಬರೋದು ಎರಡು ವಿಷಯದ ಮ್ಯಾಲ: ಒಳಗಿನ ರೋಲರ್ ಮತ್ತ ಬೇರಿಂಗ್ ಎಂಥಾವು, ಅದನ್ನ ನೀವ ಸ್ಕ್ರೂಡ್ರೈವರ್ ಹಿಡ್ದು ಬಿಚ್ಚಿ ಸ್ವಚ್ಛ ಮಾಡಾಕ ಬರ್ತೈತೋ ಇಲ್ಲೋ. ಉಳಿದಿದ್ದೆಲ್ಲ ಆಮ್ಯಾಲ.

ಮೊದ್ಲು ಆಟ ಯಾವ್ದು ಅಂತ ಹೇಳ್ರಿ

ಟ್ರ್ಯಾಕ್‌ಬಾಲ್ ಆಟ ಎಲ್ಲಾ ಒಂದ ಥರ ಇರಂಗಿಲ್ಲ. 1980ರ ಮಿಸೈಲ್ ಕಮಾಂಡ್, 1981ರ ಸೆಂಟಿಪೀಡ್, ಇವೆರಡೂ ಅಟಾರಿ ಕಂಪನಿದು, ಇವಕ್ಕ ಬೇಕಾಗಿದ್ದು ಬೆರಳ ತುದಿಲೆ ಸಣ್ಣ ಸಣ್ಣ ಚಲನೆ, ಥಟ್ ಅಂತ ನಿಲ್ಸೋದು, ತಕ್ಷಣ ತಿರುಗ್ಸೋದು. ಇನ್ನು ಗೋಲ್ಡನ್ ಟೀ ಗಾಲ್ಫ್, ವರ್ಲ್ಡ್ ಕ್ಲಾಸ್ ಬೌಲಿಂಗ್, ಕ್ಯಾಪ್ಕಾಮ್ ಬೌಲಿಂಗ್ ಇವೆಲ್ಲ ಪೂರಾ ಅಂಗೈಲೆ ಹೊಡಿಯೋ ಆಟ. ಗೋಲ್ಡನ್ ಟೀ ಒಳಗ ಚೆಂಡನ್ನ ಹಿಂದಕ್ಕ ಎಳ್ದು ಜೋರಾಗಿ ಮುಂದಕ್ಕ ತಳ್ಳಿದ್ರ ಅದ ಸ್ವಿಂಗ್, ಕೈ ಬಿಟ್ಟಮ್ಯಾಲ ಸೈತ ಚೆಂಡು ತನ್ನಷ್ಟಕ್ಕ ತಾನು ತಿರುಗ್ತಿರ್ಬೇಕು. 1984ರ ಮಾರ್ಬಲ್ ಮ್ಯಾಡ್ನೆಸ್ ಎರಡರ ನಡುವ ಬರ್ತೈತಿ, ಗೋಲಿಯನ್ನ ಇಳಿಜಾರಿನ್ಯಾಗ ಹಿಡ್ದು ಹಿಡ್ದು ಬಿಡ್ಬೇಕು, ಇಬ್ಬರು ಆಡ್ಬೇಕಂದ್ರ ಎರಡು ಟ್ರ್ಯಾಕ್‌ಬಾಲ್ ಬೇಕು.

ನೀವು ಆಡೋ ಆಟ ಹೊಡಿಯೋ ಥರದ್ದು ಅಂದ್ರ ದೊಡ್ಡ, ತೂಕದ ಚೆಂಡು ಬಿಟ್ಟು ಬ್ಯಾರೆ ನೋಡಬ್ಯಾಡ್ರಿ. ಬರೇ ಸೆಂಟಿಪೀಡ್ ಆಡಾಕ ಆದ್ರ ಸಣ್ಣದೂ ನಡೀತೈತಿ. ಇದೊಂದು ತೀರ್ಮಾನ ಮಾಡ್ದಿದ್ರ ಮುಂದಿಂದೆಲ್ಲ ಗೊಂದಲ ಆಗ್ತೈತಿ.

ಅಳತಿ: 3 ಇಂಚು, 2.25 ಇಂಚು, ಮತ್ತ ಆಫೀಸಿನ ಟ್ರ್ಯಾಕ್‌ಬಾಲ್

ಸಿಗೋದು ಮುಖ್ಯವಾಗಿ ಎರಡು ಅಳತಿ. 3 ಇಂಚಿಂದು ಅಂದ್ರ 76 ಮಿ.ಮೀ ಚಿಲ್ಲರೆ ವ್ಯಾಸ, ಕ್ರಿಕೆಟ್ ಲೆದರ್ ಬಾಲ್‌ಗಿಂತ ಒಂದು ಸುತ್ತು ದಪ್ಪ. 2.25 ಇಂಚಿಂದು 57 ಮಿ.ಮೀ, ಪೂಲ್ ಟೇಬಲ್ ಮ್ಯಾಲಿನ ಬಾಲ್ ಇರ್ತೈತಲ್ಲ ಅದ ಅಳತಿ. 1978ರ ಅಟಾರಿ ಫುಟ್‌ಬಾಲ್‌ನ್ಯಾಗ 4.5 ಇಂಚಿನ ಚೆಂಡು ಇತ್ತು, ಅದು ಈಗ ಸಂಗ್ರಹ ಮಾಡೋರ ಹುಚ್ಚು, ಮನಿ ಪ್ಯಾನಲ್‌ಗೆ ಬ್ಯಾಡ.

ನನ್ನ ಮಾತು ಕೇಳೋದಾದ್ರ 3 ಇಂಚು ತಗೋರಿ. ತೂಕ ಇರೋ ಚೆಂಡಿಗೆ ವೇಗ ಹಿಡಿದು ಉಳಿಯೋ ಗುಣ ಇರ್ತೈತಿ, ಜೊತಿಗೆ ದೊಡ್ಡ ರೋಲರ್ ಬರ್ತಾವ, ದೊಡ್ಡದಕ್ಕ ಧೂಳು ಸಣ್ಣದಷ್ಟು ಬೇಗ ತ್ರಾಸ ಕೊಡಂಗಿಲ್ಲ. 2.25 ತಗೊಳ್ಳೋಕ ಒಂದ ಒಳ್ಳೆ ಕಾರಣ ಐತಿ, ಜಾಗ. ಪ್ಯಾನಲ್ ಸಣ್ಣದು, ಇಬ್ಬರು ಆಡೋ ಜಾಯ್‌ಸ್ಟಿಕ್ ನಡುವ ಸಿಗೋ ಅಂಗೈಯಷ್ಟು ಜಾಗದಾಗ ತುರುಕಬೇಕು ಅಂದ್ರ ಅದು ಸರಿ. ರೊಕ್ಕ ಉಳಿತೈತಿ ಅಂತ ಮಾತ್ರ ಅದಕ್ಕ ಹೋದ್ರ, ಗಾಲ್ಫ್ ಆಡೋ ಮೊದಲ ಸಂಜಿನ ಬ್ಯಾಸರ ಬರ್ತೈತಿ.

ಇನ್ನೊಂದು ಮಾತು ಬಂದ ಬರ್ತೈತಿ: "ಕೆನ್ಸಿಂಗ್‌ಟನ್, ಲಾಜಿಟೆಕ್ ಟ್ರ್ಯಾಕ್‌ಬಾಲ್ ಮೌಸ್ ಇಲ್ಲೇ ಆನ್‌ಲೈನ್‌ನ್ಯಾಗ ಸಿಗ್ತೈತಿ, ಅದನ್ನ ಪ್ಯಾನಲ್ ಒಳಗ ಕೂಡಿಸಿದ್ರ ಆಗಂಗಿಲ್ಲೇನ್ರಿ?" ಆಗ್ತೈತಿ, ಆದ್ರ ಒಳಗಿನ ಕಟ್ಟಡನ ಬ್ಯಾರೆ. ಆಫೀಸಿನ ಟ್ರ್ಯಾಕ್‌ಬಾಲ್‌ನ್ಯಾಗ ಚೆಂಡು ಸಾಮಾನ್ಯವಾಗಿ ಮೂರು ಸಣ್ಣ ಗಟ್ಟಿ ಗುಂಡಿನ ಮ್ಯಾಲ ತಿಕ್ಕಾಡ್ಕೊಂಡು ತಿರುಗ್ತೈತಿ, ಕೆಳಗಿಂದ ಕ್ಯಾಮರಾದಂಥ ಸೆನ್ಸರ್ ಅದನ್ನ ನೋಡ್ತಿರ್ತೈತಿ. ಎಕ್ಸೆಲ್ ಶೀಟ್ ಮ್ಯಾಲ ಓಡಾಡಾಕ ಅದು ಬಂಗಾರ. ಜೋರಾಗಿ ತಳ್ಳಿದ್ರ ಮಾತ್ರ ಅರ್ಧ ಸುತ್ತು ಹೋಗಿ ನಿಲ್ತೈತಿ, ಇನ್ನೂ ಜೋರು ಹೊಡದ್ರ ಚೆಂಡು ಗೂಡು ಬಿಟ್ಟು ಹಾರ್ತೈತಿ, ಯಾಕಂದ್ರ ಭಾಳಷ್ಟು ಮಾಡೆಲ್‌ನ್ಯಾಗ ಮ್ಯಾಲ ಹಿಡಿಯೋ ರಿಂಗ್ ಭದ್ರ ಇರಂಗಿಲ್ಲ. ಸೆಂಟಿಪೀಡ್‌ಗೆ ಒಂದು ಸಲ ನೋಡಾಕ ಅಡ್ಡಿ ಇಲ್ಲ, ಅದೂ ಮನ್ಯಾಗ ಆಗ್ಲೇ ಇದ್ರ.

ಒಳಗ ಏನೈತಿ, ಯಾವ್ದು ಕೆಡ್ತೈತಿ

ಆರ್ಕೇಡ್ ಟ್ರ್ಯಾಕ್‌ಬಾಲ್ ಬಿಚ್ಚಿದ್ರ ಚೆಂಡು ಮೂರು ಕಡೆ ಕೂತಿರೋದು ಕಾಣ್ತೈತಿ. ಎರಡು ಉದ್ದನ ಸ್ಟೀಲ್ ರೋಲರ್, ಒಂದಕ್ಕೊಂದು ಕಾಟಕೋನದಾಗ (90 ಡಿಗ್ರಿ), ಒಂದು ಎಡಬಲ ಓದ್ತೈತಿ ಇನ್ನೊಂದು ಮುಂದ-ಹಿಂದ. ಮೂರನೇದು ಬರೇ ಆಧಾರಕ್ಕಿರೋ ಬೇರಿಂಗ್. ಪ್ರತಿ ರೋಲರ್ ತುದಿಗೆ ಗಾಡಿ ಗಾಲಿಯಂಗ ಸೀಳು ಇರೋ ಒಂದು ಪ್ಲಾಸ್ಟಿಕ್ ಚಕ್ರ, ಅದರ ಒಂದು ಬದಿಗೆ ಇನ್‌ಫ್ರಾರೆಡ್ ಎಲ್‌ಇಡಿ, ಇನ್ನೊಂದು ಬದಿಗೆ ಎರಡು ಸೆನ್ಸರ್. ಚಕ್ರ ತಿರುಗಿದ್ರ ಬೆಳಕು ಕಡಿದು ಕಡಿದು ಬೀಳ್ತೈತಿ, ಎರಡು ಸೆನ್ಸರ್ ಒಳಗ ಯಾವ್ದಕ್ಕ ಮೊದಲು ಬಿತ್ತು ಅನ್ನೋದ್ರ ಮ್ಯಾಲ ಯಾವ ದಿಕ್ಕಿಗೆ ತಿರುಗ್ತು ಅಂತ ಗೊತ್ತಾಗ್ತೈತಿ. ಇದಕ್ಕ ಕ್ವಾಡ್ರೇಚರ್ ಅಂತಾರ.

ಈಗ ಧೂಳಿನ ಕಥಿ. ಚೆಂಡಿನ ಸುತ್ತ ಇರೋ ಸಂದಿಂದ ಧೂಳು ಇಳೀತೈತಿ, ಕೈ ಬೆವರು ಎಣ್ಣಿ ಸೇರಿ ರೋಲರ್ ನಟ್ಟ ನಡುವ, ಚೆಂಡು ತಾಗೋ ಜಾಗದಾಗ, ಕರಿ ಪಟ್ಟಿ ಕಟ್ತೈತಿ. ಆ ಪಟ್ಟಿ ಎಲ್ಲಾ ಕಡೆ ಸಮ ಕೂಡಂಗಿಲ್ಲ, ಅದಕ್ಕ ಚೆಂಡು ಕಟಕಟ ಅಂತ ಎಗರಿ ಎಗರಿ ತಿರುಗ್ತೈತಿ. ಇದು ಪೂರಾ ರಿಪೇರಿ ಆಗೋ ತ್ರಾಸು. ಬೇರಿಂಗ್ ಒಳಗ ಧೂಳು ಹೋದ್ರ ಗರಗರ ಸಪ್ಪಳ ಬರ್ತೈತಿ, ಅದೂ ಬದಲಾಯಿಸ್ಬಹುದು. ರೋಲರ್ ಮ್ಯಾಲ ಗೀರು ಅಥವಾ ತಗ್ಗು ಬಿದ್ರ ಮಾತ್ರ ಹೊಸಾ ರೋಲರ್ರ ಗತಿ, ಅದಕ್ಕ ಅಗ್ಗದ ಮೆತ್ತನ್ನ ಲೋಹದ್ದು, ಇಲ್ಲಂದ್ರ ಪ್ಲಾಸ್ಟಿಕ್ ರೋಲರ್ ಇರೋದು, ಎಷ್ಟ ಲೈಟ್ ಹಾಕಿರ್ಲಿ, ತಗೋಬ್ಯಾಡ್ರಿ. ಮಾರೋರಿಗೆ ಒಳಗಿನ ಫೋಟೋ ಕಳಸ್ರಿ ಅಂತ ಕೇಳ್ರಿ. ಕಳಸಲಿಲ್ಲಂದ್ರ ಉತ್ತರ ಸಿಕ್ಕಂಗ.

ಕೊಪ್ಪಳದ ಪಕ್ಕದ ಭಾಗ್ಯನಗರದ ಕಡೆ ಇರೋರಿಗೆ ಇನ್ನೊಂದು. ಅಲ್ಲಿ ಕೂದಲು ವ್ಯಾಪಾರ, ಕೂದಲು ಬಿಡಸೋ ಕೆಲಸ ಮನಿ ಮನಿಯಾಗ ನಡೀತೈತಿ, ಒಂದೆಳಿ ಕೂದಲು ಒಳಗ ಹೋದ್ರ ರೋಲರ್ ತುದಿಗೆ ದಾರದುಂಡಿಯಂಗ ಸುತ್ತಿ ಬೇರಿಂಗ್ ಬಾಯಾಗ ಸಿಕ್ಕೊಂತೈತಿ. ಧೂಳಿಗಿಂತ ಇದು ಕೆಟ್ಟದ್ದು, ಕಣ್ಣಿಗೆ ಕಾಣಂಗಿಲ್ಲ. ಅಂಥವರು ಮ್ಯಾಲಿನ ರಿಂಗ್ ಪ್ಯಾನಲ್ ಮ್ಯಾಲಿಂದನ ತಗಿಯಾಕ ಬರೋ ಮಾಡೆಲ್ ತಗೋರಿ, ಪ್ರತಿ ಸಲ ಪ್ಯಾನಲ್ ಬೋರಲು ಹಾಕೋದು ತಪ್ತೈತಿ.

ಯಾವ ಕಂಪನಿದು ಅಂದ್ರ

ಹೆಸರುವಾಸಿ ಅಂದ್ರ ಹ್ಯಾಪ್ (ಈಗ ಸುಝೋ-ಹ್ಯಾಪ್) ಕಂಪನಿದು 3 ಇಂಚಿಂದು. ಅಮೆರಿಕಾದ ಆರ್ಕೇಡ್ ಯಂತ್ರಗಳೊಳಗ ಭಾಳ ಬಳಕಿ ಆಗಿರೋದು ಇದ. ಗಟ್ಟಿ ಕಟ್ಟಡ, ಬಿಡಿಭಾಗ ಒಂದೊಂದ ಸಿಗ್ತಾವ. ಇನ್ನೊಂದು ಬ್ರಿಟನ್ನಿನ ಅಲ್ಟಿಮಾರ್ಕ್ ಕಂಪನಿಯ ಯು-ಟ್ರ್ಯಾಕ್, ಅದೂ 3 ಇಂಚು, ಮನಿ ಪ್ಯಾನಲ್ ಮಾಡೋರನ್ನ ತಲಿಯಾಗ ಇಟ್ಕೊಂಡ ಮಾಡಿದ್ದು, ಯುಎಸ್‌ಬಿ ನೇರ ಕೊಡ್ತೈತಿ. ಮೂರನೇದು ಹೆಸರಿಲ್ಲದ ಚೈನಾ ಟ್ರ್ಯಾಕ್‌ಬಾಲ್, 2.25 ಮತ್ತ 3 ಇಂಚು ಎರಡರಾಗೂ. ಇದ್ರೊಳಗ ಒಳ್ಳೇದೂ ಅದಾವ ಕೆಟ್ಟದ್ದೂ ಅದಾವ, ಒಂದ ಫೋಟೋ ಹಾಕಿ ಮೂರು ಥರದ ಮಾಲು ಕಳಸ್ತಾರ.

ನಾನು ಆಯ್ಕಿ ಮಾಡೋದಾದ್ರ, ಬರೇ ಒಂದ ಸಲ ರೊಕ್ಕ ಹಾಕಿ ಮರೆತು ಬಿಡಬೇಕು ಅನ್ನೋರಿಗೆ ಹ್ಯಾಪ್ ಅಥವಾ ಯು-ಟ್ರ್ಯಾಕ್. ಕೈಗೆ ಮಣ್ಣು ಮಾಡ್ಕೊಳ್ಳಾಕ ಅಡ್ಡಿ ಇಲ್ಲ, ಬೇರಿಂಗ್ ಬದಲಾಯಿಸ್ತೀನಿ ಅನ್ನೋರಿಗೆ ಸ್ಟೀಲ್ ರೋಲರ್ ಇರೋ ಚೈನಾ 3 ಇಂಚು. ಚೈನಾ 2.25 ಕೊನಿಗೆ.

ತರಿಸೋ ಮಾತು: ಹುಬ್ಬಳ್ಳಿ ಎಲೆಕ್ಟ್ರಾನಿಕ್ಸ್ ಅಂಗಡಿಯಾಗ ಟ್ರ್ಯಾಕ್‌ಬಾಲ್ ಅಂದ್ರ ಮೌಸ್ ತಂದಿಡ್ತಾರ, ಬೆಂಗಳೂರಿನ ಎಸ್.ಪಿ. ರೋಡ್‌ನ್ಯಾಗ ಬಟನ್ನು ಜಾಯ್‌ಸ್ಟಿಕ್ಕಿನಷ್ಟು ಸಲೀಸಾಗಿ ಇದು ಸಿಗೋ ಸಾಮಾನಲ್ಲ. ಚೈನಾ ಮಾಲು ತರಿಸೋ ಅಲಿಎಕ್ಸ್‌ಪ್ರೆಸ್ ಆ್ಯಪ್ 2020ರ ನವೆಂಬರ್‌ನ್ಯಾಗ ನಮ್ಮ ದೇಶದಾಗ ಬಂದ್ ಆತು. ಹೊರಗಿಂದ ತರಿಸೋದಾದ್ರ ಚೆಂಡು ಭಾರ ಇರೋದ್ರಿಂದ ಸಾಗಾಟದ ಖರ್ಚು ಜಾಸ್ತಿ, ಅದರ ಮ್ಯಾಲ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಫೀ. ಮನಿ ಬಾಗಿಲಿಗೆ ಬರೋ ತನಕ ಒಟ್ಟು ಎಷ್ಟಾಗ್ತೈತಿ ಅಂತ ಲೆಕ್ಕ ಹಾಕಿ ಆಮ್ಯಾಲ ಆರ್ಡರ್ ಮಾಡ್ರಿ, ವೆಬ್‌ಸೈಟಿನ್ಯಾಗಿನ ಬೆಲಿ ನೋಡಿ ಕುಣಿಬ್ಯಾಡ್ರಿ. ಸೆಕೆಂಡ್ ಹ್ಯಾಂಡ್ ಸಿಕ್ರ ರೋಲರ್ ನೋಡಿ ತಗೋರಿ, ಚೆಂಡಿನ ಮ್ಯಾಲಿನ ಗೀರಿಗೆ ಅಂಜಬ್ಯಾಡ್ರಿ, ಚೆಂಡು ಬದಲಿ ಸಿಗ್ತೈತಿ.

ವೈರು ಮತ್ತ ಕಂಪ್ಯೂಟರ್

ಮಾರೋರು "6 ವೈರ್" ಅಂದ್ರ ಅದು ನೇರ ಸಿಗ್ನಲ್ ಕೊಡೋ ಬೋರ್ಡು: 5 ವೋಲ್ಟ್, ಗ್ರೌಂಡ್, ಎಡಬಲಕ್ಕ ಎರಡು ಸಿಗ್ನಲ್, ಮುಂದ-ಹಿಂದಕ್ಕ ಎರಡು. ಇದನ್ನ ಸೀದಾ ಯುಎಸ್‌ಬಿಗೆ ಜೋಡ್ಸಾಕ ಬರಂಗಿಲ್ಲ, ನಡುವ ಒಂದು ಇಂಟರ್‌ಫೇಸ್ ಬೇಕು, ಅಂದ್ರ ಆ ಸಿಗ್ನಲ್ ಎಣಿಸಿ ಕಂಪ್ಯೂಟರ್‌ಗೆ ತಿಳಿಯಂಗ ಮಾಡೋ ಬೋರ್ಡು. ಅಲ್ಟಿಮಾರ್ಕಿನ ಮಿನಿ-ಪ್ಯಾಕ್‌ನಂಥ ಎನ್‌ಕೋಡರ್ ಬೋರ್ಡ್ (ಬಟನ್ ಒತ್ತಿದ್ದನ್ನ ಕಂಪ್ಯೂಟರ್‌ಗೆ ತಿಳಿಸೋದು) ಆಗ್ಲೇ ನಿಮ್ಮ ಹತ್ರ ಇದ್ರ ಅದ್ರಾಗ ಟ್ರ್ಯಾಕ್‌ಬಾಲ್‌ಗೆ ಪಿನ್ ಇರ್ತಾವ, ಬಟನ್ನು ಚೆಂಡು ಎರಡೂ ಒಂದ ಯುಎಸ್‌ಬಿನ್ಯಾಗ ಮುಗೀತೈತಿ. ಇಲ್ಲಾಂದ್ರ ಯುಎಸ್‌ಬಿ ಇರೋದನ್ನ ತಗೋರಿ, ಕಂಪ್ಯೂಟರ್‌ಗೆ ಅದು ಮೌಸ್ ಅಂತ ಕಾಣ್ತೈತಿ, ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್ ಇದ್ರೂ ಹಂಗ.

ಹಳೇ ಚೈನಾ ಮಾಲಿನ್ಯಾಗ ಪಿಎಸ್/2 ಗುಂಡು ಪಿನ್ ಬರ್ತೈತಿ. ಅದಕ್ಕ ಹಸಿರು ಬಣ್ಣದ ಸಣ್ಣ ಅಡಾಪ್ಟರ್ ಹಾಕಿದ್ರ ಆಗ್ತೈತಿ ಅಂತ ಅಂಗಡಿಯವ ಹೇಳ್ತಾನ, ಆದ್ರ ಆ ಅಡಾಪ್ಟರ್ ಬರೇ ವೈರ್ ಬದಲಾಯಿಸ್ತೈತಿ, ಸಾಧನಕ್ಕ ಯುಎಸ್‌ಬಿ ಭಾಷಿ ಮೊದ್ಲ ಬರ್ತಿದ್ರ ಮಾತ್ರ ನಡೀತೈತಿ. ಬರದಿದ್ರ ಒಳಗ ಚಿಪ್ ಇರೋ ಕನ್ವರ್ಟರ್ ಬೇಕಾಗ್ತೈತಿ.

ಒಂದು ತ್ರಾಸು ಮೊದಲ ತಿಳ್ಕೊಂಡಿರ್ರಿ. ಚೆಂಡನ್ನ ಜೋರಾಗಿ ಮುಂದಕ್ಕ ಹೊಡದಾಗ ಕರ್ಸರ್ ಹಿಂದಕ್ಕ ಓಡಿದ್ರ ಅದಕ್ಕ ಬ್ಯಾಕ್‌ಸ್ಪಿನ್ ಅಂತಾರ. ಸೀಳಿನ ಚಕ್ರ ಅಷ್ಟು ವೇಗ ತಿರುಗಿದಾಗ ಇಂಟರ್‌ಫೇಸ್ ಎಣಿಸೋದ್ರಾಗ ಹಿಂದ ಬೀಳ್ತೈತಿ, ಹಂತ ತಪ್ಪಿ ದಿಕ್ಕು ಉಲ್ಟಾ ಓದ್ತೈತಿ. ಅಗ್ಗದ ಬೋರ್ಡಿನ್ಯಾಗ ಇದು ಜಾಸ್ತಿ. ಗಾಲ್ಫ್ ಆಡೋರು ಖರೀದಿಗಿಂತ ಮೊದ್ಲು ಇದೊಂದನ್ನ ಮಾರೋರಿಗೆ ಕೇಳಬೇಕು.

ಪಾರ್ಸೆಲ್ ಬಂದ ದಿನನ ಪರೀಕ್ಷಿ

ಪ್ಯಾನಲ್ ಕೊರಿಯೋಕಿಂತ ಮೊದ್ಲು ಬಿಡಿ ಟ್ರ್ಯಾಕ್‌ಬಾಲ್‌ನ್ನ ಟೇಬಲ್ ಮ್ಯಾಲ ಇಟ್ಟು ಯುಎಸ್‌ಬಿ ಚುಚ್ರಿ. ಚೆಂಡು ಒಮ್ಮಿ ಜೋರಾಗಿ ತಿರುವಿ ಕೈ ಬಿಡ್ರಿ, ಕಿವಿ ಹತ್ರ ಇಟ್ಟು ಕೇಳ್ರಿ. ಒಂದ ಸಮ ಗುಂಯ್ ಅನ್ನೋ ಸಪ್ಪಳ ಆದ್ರ ಛಲೋ, ಕಟಕಟ ಅಥವಾ ಗರಗರ ಬಂದ್ರ ರೋಲರ್ ಅಥವಾ ಬೇರಿಂಗ್ ಸರಿ ಇಲ್ಲ. ಆಮ್ಯಾಲ ಕಂಪ್ಯೂಟರಿನ್ಯಾಗ ಪೇಂಟ್ ಅನ್ನೋ ಚಿತ್ರ ಬಿಡಿಸೋ ಪ್ರೋಗ್ರಾಂ ತೆಗೀರಿ, ಮೌಸಿನ ಬಟನ್ ಒತ್ತಿ ಹಿಡ್ಕೊಂಡು ನಿಧಾನಕ್ಕ ಅಡ್ಡ ಗೆರಿ, ಉದ್ದ ಗೆರಿ, ಮೂಲಿಯಿಂದ ಮೂಲಿಗೆ ಗೆರಿ ಎಳೀರಿ. ಗೆರಿ ಮೆಟ್ಟಲು ಮೆಟ್ಟಲು ಬಂದ್ರ ಒಂದು ರೋಲರ್ ಚೆಂಡಿಗೆ ಸರಿ ತಾಗ್ತಿಲ್ಲ ಅಂತ. ಆಮ್ಯಾಲ ಜೋರಾಗಿ ಒಂದ ದಿಕ್ಕಿಗೆ ಹೊಡದು ನೋಡ್ರಿ, ಉಲ್ಟಾ ಗೆರಿ ಬಂತೋ ಬ್ಯಾಕ್‌ಸ್ಪಿನ್ ಐತಿ. ಇದನ್ನೆಲ್ಲ ಮೊಬೈಲಿನ್ಯಾಗ ವಿಡಿಯೋ ಮಾಡಿಟ್ಕೋರಿ, ವಾಪಸ್ ಕಳಸೋ ಹೊತ್ತಿಗೆ ಉಪಯೋಗಕ್ಕ ಬರ್ತೈತಿ.

ಹೊಸಾ ಬೇರಿಂಗ್‌ನ್ಯಾಗ ಗ್ರೀಸ್ ದಟ್ಟ ಇದ್ದು ಚೆಂಡು ಸ್ವಲ್ಪ ಜಡ ತಿರುಗಿದ್ರ ಗಾಬರಿ ಬ್ಯಾಡ, ಆಡ್ತಾ ಆಡ್ತಾ ಹಗುರ ಆಗ್ತೈತಿ.

ಪ್ಯಾನಲ್ ಕೊರಿಯೋದು

ಮೊದ್ಲು ರಟ್ಟು. ಪ್ಯಾನಲ್ ಅಳತಿಯ ರಟ್ಟು ಕತ್ತರಿಸಿ ತೂತು ಹೊಡ್ದು ಚೆಂಡು ಕೂಡಿಸಿ, ಕುರ್ಚಿ ಮ್ಯಾಲ ಕೂತು ಅಥವಾ ನಿಂತು, ನೀವು ಆಡೋ ಥರ ಕೈ ಆಡಿಸಿ ನೋಡ್ರಿ. ಗಾಲ್ಫಿನ್ಯಾಗ ಕೈ ಚೆಂಡು ದಾಟಿ ಮುಂದಕ್ಕ ಹೋಗ್ತೈತಿ, ಅಲ್ಲಿ ಮಾನಿಟರ್ ಅಂಚೋ ಸ್ಟಾರ್ಟ್ ಬಟನ್ನೋ ಇದ್ರ ಬೆರಳಿನ ಗೆಣ್ಣು ಕೆತ್ತಿ ಹೋಗ್ತೈತಿ. ಚೆಂಡಿನ ಮುಂದ ಒಂದು ಗೇಣಷ್ಟು ಖಾಲಿ ಜಾಗ ಇರ್ಲಿ, ಅಕ್ಕಪಕ್ಕ ಜಾಯ್‌ಸ್ಟಿಕ್ ದಂಡಿಗೆ ಅಂಗೈ ಬಡೀಬಾರ್ದು. ಮಿಸೈಲ್ ಕಮಾಂಡಿಗೆ ಮೂರು ಬಟನ್ ಬೇಕು, ಮೂರು ನೆಲೆಗೆ ಒಂದೊಂದು, ಅವನ್ನ ಚೆಂಡಿನ ಎಡಕ್ಕ ಸಾಲಾಗಿ ಹಾಕ್ರಿ. ಮನ್ಯಾಗ ಎಡಚರು ಇದ್ರ ಬಲಕ್ಕೂ ಒಂದೆರಡು ಹಾಕಿದ್ರ ಜಗಳ ಇರಂಗಿಲ್ಲ.

ಹಲಗಿ ಅಂದ್ರ 18 ಮಿ.ಮೀ ಪ್ಲೈವುಡ್ ಅಥವಾ ಎಂಡಿಎಫ್. ಕೂಡಿಸೋ ರೀತಿ ಎರಡು. ಒಂದು, ಮ್ಯಾಲಿಂದ ಸ್ಟೀಲ್ ಪ್ಲೇಟ್ ಹಾಕಿ: ಹಲಗಿನ್ಯಾಗ ಟ್ರ್ಯಾಕ್‌ಬಾಲ್ ಪೂರಾ ಇಳಿಯೋ ತೂತು, ಪ್ಲೇಟ್ ದಪ್ಪದಷ್ಟು ಮ್ಯಾಲ ಕೆತ್ತಿದ ತಗ್ಗು, ಅದರಾಗ ಪ್ಲೇಟ್ ಕೂತು ಸಮ ಆಗ್ತೈತಿ. ಎರಡನೇದು, ಕೆಳಗಿಂದ: ಮ್ಯಾಲ ಬರೇ ದುಂಡನೆ ತೂತು, ಕೆಳಗಡೆ ಹಲಗಿ ತೆಳು ಮಾಡಿ ಟ್ರ್ಯಾಕ್‌ಬಾಲ್ ಮ್ಯಾಲೆತ್ತಿ ಸ್ಕ್ರೂ. ನೋಡಾಕ ಎರಡನೇದು ಛಲೋ ಕಾಣ್ತೈತಿ, ಆದ್ರ ಧೂಳಿನ ಊರಿಗೆ ಮೊದಲನೇದ ಸರಿ, ಎಲ್ಲಾ ಮ್ಯಾಲಿಂದ ಬಿಚ್ಚಾಕ ಬರ್ತೈತಿ. ರಿಂಗಿನ ಅಂಚು ಹಲಗಿ ದಪ್ಪಕ್ಕ ಹೊಂದ್ಬೇಕು, ಇಲ್ಲಂದ್ರ ಚೆಂಡು ಬಾವಿಯಾಗ ಕೂತಂಗ ಆಗಿ ಅಂಗೈ ಹಲಗಿಗೆ ತಿಕ್ತೈತಿ, ಅದಕ್ಕ ಅಳತಿ ಡ್ರಾಯಿಂಗ್ ಮೊದಲ ಇಸ್ಕೋರಿ. ಪ್ಯಾನಲ್ ಕೆಳಗ 3 ಇಂಚಿನ ಚೆಂಡಿಗೆ ಕನಿಷ್ಠ 10-12 ಸೆಂ.ಮೀ ಆಳ ಖಾಲಿ ಇರಬೇಕು, ತೆಳು ಡಬ್ಬಿ ಮಾಡಿದವರಿಗೆ ಇದು ಕೊನಿಗೆ ಗೊತ್ತಾಗ್ತೈತಿ.

ಕಿನ್ನಾಳದ ಗೊಂಬಿ ಮಾಡೋರು ಪಕ್ಕದಾಗ ಇದ್ರೂ ಈ ಕೆಲಸಕ್ಕ ಬೇಕಾದೋರು ರೂಟರ್ ಮಷೀನ್ (ಹಲಗಿ ಕೆತ್ತೋದು) ಇರೋ ಫರ್ನಿಚರ್ ಬಡಿಗೇರು. "ಕಾಕಾ, ಈ ಸಾಮಾನು ಇದ್ರಾಗ ಸಮ ಕೂಡ್ಬೇಕ್ರಿ" ಅಂತ ಟ್ರ್ಯಾಕ್‌ಬಾಲ್ ಕೈಗ ಕೊಟ್ಟ ತೋರಿಸ್ರಿ, ಚೀಟಿ ಮ್ಯಾಲ ಅಳತಿ ಬರ್ದು ಕಳಸೋದು ಬ್ಯಾಡ.

ಮೇಮ್ ಒಳಗ ಹೊಂದಿಸೋದು

ಹಳೇ ಆರ್ಕೇಡ್ ಆಟನ ಕಂಪ್ಯೂಟರಿನ್ಯಾಗ ಆಡಿಸೋ ಸಾಫ್ಟ್‌ವೇರ್ ಮೇಮ್ ಬಂದಿದ್ದು 1997ರಾಗ, ನಮ್ಮ ಕೊಪ್ಪಳ ರಾಯಚೂರಿಂದ ಬ್ಯಾರೆ ಜಿಲ್ಲಾ ಆಗಿದ್ದೂ ಅದ ವರ್ಷ. ಅದರ ಸೆಟ್ಟಿಂಗ್ಸ್ ಫೈಲಿನ್ಯಾಗ ಮೌಸ್ ಅನ್ನೋದು 0 ಇದ್ರ 1 ಮಾಡ್ರಿ. ಎರಡು ಟ್ರ್ಯಾಕ್‌ಬಾಲ್ ಇದ್ರ ಮಲ್ಟಿಮೌಸ್ ಅನ್ನೋದನ್ನೂ 1 ಮಾಡ್ಬೇಕು, ಇಲ್ಲಂದ್ರ ಎರಡೂ ಸೇರಿ ಒಂದ ಗೋಲಿ ಎಳೀತಾವ. ವಿಂಡೋಸಿನ್ಯಾಗ ಮೌಸ್ ಸೆಟ್ಟಿಂಗ್ಸ್‌ಗೆ ಹೋಗಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಟಿಕ್ ತಗೀರಿ.

ಚೆಂಡು ಬಲಕ್ಕ ತಿರುಗಿಸಿದ್ರ ಕರ್ಸರ್ ಮ್ಯಾಲ ಹೋದ್ರ ಎರಡು ರೋಲರ್ ಪ್ಲಗ್ ಅದಲಿ ಬದಲಿ ಆಗ್ಯಾವ, ಇಲ್ಲಂದ್ರ ಟ್ರ್ಯಾಕ್‌ಬಾಲ್‌ನ್ನ ಕಾಲು ಸುತ್ತು ತಿರುಗಿಸಿ ಕೂಡಿಸ್ರಿ. ಬಲಕ್ಕ ಬದಲು ಎಡಕ್ಕ ಹೋದ್ರ ಆ ರೋಲರಿನ ಎರಡು ಸಿಗ್ನಲ್ ವೈರ್ ಅದಲಿ ಬದಲಿ ಮಾಡ್ರಿ. ಮೇಮಿನ್ಯಾಗ ರಿವರ್ಸ್ ಅಂತ ಐತಿ ಖರೇ, ಆದ್ರ ವೈರಿನ್ಯಾಗ ಸರಿ ಮಾಡಿದ್ರ ಎಲ್ಲಾ ಆಟಕ್ಕೂ ಒಮ್ಮಿಗೆ ಮುಗೀತೈತಿ.

ವೇಗ ಹೊಂದಿಸೋದು ಆಟ ಆಟಕ್ಕ ಬ್ಯಾರೆ. ಆಟ ಓಡ್ತಿರುವಾಗ ಟ್ಯಾಬ್ ಒತ್ತಿ, ಅನಲಾಗ್ ಅಂತ ಇರೋ ಮೆನುಗೆ ಹೋಗಿ ಸೆನ್ಸಿಟಿವಿಟಿ ಸ್ವಲ್ಪ ಸ್ವಲ್ಪ ಬದಲಿಸ್ರಿ. ಜಾಸ್ತಿ ಮಾಡಿದ್ರ ಜೋರು ಅಂತ ಪೂರಾ ಏರಿಸಬ್ಯಾಡ್ರಿ. ಸೆಂಟಿಪೀಡಿನಂಥ ಹಳೇ ಆಟದ ಬೋರ್ಡಿನ್ಯಾಗ ಚೆಂಡು ಎಣಿಸೋ ಕೌಂಟರ್ ಬರೇ 4 ಬಿಟ್, 15 ದಾಟಿದ್ರ ಮತ್ತ 0ಗೆ ಬರ್ತೈತಿ, ಅತಿ ವೇಗ ಕೊಟ್ರ ಆಟಕ್ಕ ದಿಕ್ಕು ತಪ್ಪಿ ಓದ್ದಂಗ ಆಗ್ತೈತಿ, ನೀವು ಟ್ರ್ಯಾಕ್‌ಬಾಲ್ ಕೆಟ್ಟೈತಿ ಅಂತ ಬಿಚ್ಚಾಕ ಕೂಡ್ತೀರಿ. ಮಾರ್ಬಲ್ ಮ್ಯಾಡ್ನೆಸ್ಸಿನ ಲೆಕ್ಕ 45 ಡಿಗ್ರಿ ಓರೆ, ಆದ್ರ ಅದನ್ನ ಮೇಮ್ ತಾನ ತಿರುಗಿಸ್ಕೊಂತೈತಿ, ಅದಕ್ಕಂತ ಟ್ರ್ಯಾಕ್‌ಬಾಲ್‌ನ್ನ ಓರೆ ಕೂಡಿಸಬ್ಯಾಡ್ರಿ.

ಸ್ವಚ್ಛ, ಎಣ್ಣಿ, ಬೇರಿಂಗ್

ಆಡದಾಗ ಚೆಂಡಿನ ಮ್ಯಾಲ ಬಟ್ಟಿ ಮುಚ್ಚೋದು ಒಂದ ಅಭ್ಯಾಸ, ಅರ್ಧ ತ್ರಾಸು ಅಲ್ಲೇ ತಪ್ತೈತಿ. ಚೆಂಡು ಕಟಕಟ ಅನ್ನಾಕ ಶುರು ಮಾಡಿದ್ರ ರಿಂಗ್ ಬಿಚ್ಚಿ ಚೆಂಡು ತಗೀರಿ, ಸೌಮ್ಯ ಸೋಪಿನ ನೀರಾಗ ತೊಳ್ದು ಒಣಗಿಸ್ರಿ. ಥಿನ್ನರ್, ಪೆಟ್ರೋಲ್, ಅಸಿಟೋನ್ ಮುಟ್ಟಿಸಬ್ಯಾಡ್ರಿ, ಚೆಂಡಿನ ಹೊಳಪು, ಕೆಳಗಿನ ಪ್ಲಾಸ್ಟಿಕ್ ಎರಡೂ ಹೋಗ್ತಾವ. ರೋಲರ್ ಮ್ಯಾಲಿನ ಕರಿ ಪಟ್ಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟಿಲೆ ತಿಕ್ರಿ, ಗಟ್ಟಿ ಇದ್ರ ಉಗುರು ಅಥವಾ ಬಿದಿರ ಕಡ್ಡಿ, ಬ್ಲೇಡ್ ಬ್ಯಾಡ. ಸೀಳಿನ ಚಕ್ರದ ಧೂಳು ಕೈಲೆ ಒತ್ತೋ ರಬ್ಬರ್ ಬ್ಲೋವರ್‌ಲೆ ಊದ್ರಿ. ಪಂಕ್ಚರ್ ಅಂಗಡಿ ಗಾಳಿ ಹೊಡಸೋ ಐಡಿಯಾ ಎಲ್ಲರಿಗೂ ಬರ್ತೈತಿ, ಆ ಪೈಪಿನ್ಯಾಗ ನೀರು ಎಣ್ಣಿ ಬರ್ತೈತಿ, ಒತ್ತಡಕ್ಕ ಚಕ್ರ ಬಾಗ್ತೈತಿ.

ಎಣ್ಣಿ ಚೆಂಡಿಗೂ ಬ್ಯಾಡ, ರೋಲರ್ ಮೈಗೂ ಬ್ಯಾಡ, ಬರೇ ಬೇರಿಂಗ್‌ಗೆ, ಅದೂ ಹೊಲಿಗಿ ಮಷೀನ್ ಎಣ್ಣಿ ಸೂಜಿ ಮೊನಿಲೆ ಒಂದು ಹನಿ. ಜಾಸ್ತಿ ಆದ್ರ ಧೂಳನ್ನ ಕರ್ದು ಕೂಡಿಸ್ಕೊಂತೈತಿ. ಡಬ್ಲ್ಯೂಡಿ-40 ಹೊಡದ್ರ ಆ ಹೊತ್ತಿಗೆ ಹಗುರ ಆಗ್ತೈತಿ, ಆದ್ರ ಇದ್ದ ಗ್ರೀಸನ್ನೂ ತೊಳಕೊಂಡು ಹೋಗಿ ಸ್ವಲ್ಪ ದಿನಕ್ಕ ಮತ್ತ ಗರಗರ ಶುರು.

ಬೇರಿಂಗ್ ಬದಲಾಯಿಸ್ಬೇಕಂದ್ರ ಹಳೇದನ್ನ ಜೇಬಿನ್ಯಾಗ ಇಟ್ಕೊಂಡು ಪಂಪ್‌ಸೆಟ್ ರಿಪೇರಿ ಸಾಲಿನ ಬೇರಿಂಗ್ ಅಂಗಡಿಗೆ ಹೋಗ್ರಿ. ಅಂಚಿನ ಮ್ಯಾಲ ಸಣ್ಣಕ್ಷರದಾಗ ನಂಬರ್ ಇರ್ತೈತಿ, ಅದು ಅಳಿಸಿ ಹೋಗಿದ್ರ ವರ್ನಿಯರ್‌ಲೆ ಒಳ ವ್ಯಾಸ, ಹೊರ ವ್ಯಾಸ, ಅಗಲ ಮೂರೂ ಅಳತಿ ಮಾಡಿಸ್ಕೋರಿ, ಇಂಚಿನ ಅಳತಿದೂ ಇರಬಹುದು, ಮಿಲಿಮೀಟರಿಂದೂ ಇರಬಹುದು. ಮುಚ್ಚಳ ಎರಡು ಥರ: ಝಡ್‌ಝಡ್ ಅಂದ್ರ ತಗಡಿನದು, 2ಆರ್‌ಎಸ್ ಅಂದ್ರ ರಬ್ಬರಿನದು. ಅಂಗಡಿಯವ ಧೂಳಿಗೆ ರಬ್ಬರ್‌ದ ಛಲೋ ಅಂತಾನ, ಪಂಪಿಗೆ ಅವನ ಮಾತು ಸರಿ, ಆದ್ರ ರಬ್ಬರ್ ಒಳಗಿನ ಉಂಗುರಕ್ಕ ತಿಕ್ಕೋದ್ರಿಂದ ಚೆಂಡು ಬೇಗ ನಿಂತು ಬಿಡ್ತೈತಿ. ಟ್ರ್ಯಾಕ್‌ಬಾಲ್‌ಗೆ ಝಡ್‌ಝಡ್ ತಗೋರಿ. ಒಂದು ಕೆಟ್ಟಿದ್ರೂ ಸುತ್ತಲಿನ ಎಲ್ಲಾ ಬೇರಿಂಗ್ ಒಮ್ಮಿಗೆ ಬದಲಾಯಿಸ್ರಿ, ಜೊತಿಗೆ ಒಂದೆರಡು ಜಾಸ್ತಿ ಕೊಂಡು ಪ್ಯಾನಲ್ ಒಳಗ ಟೇಪ್ ಹಚ್ಚಿ ಇಡ್ರಿ.